ಸಕ್ಕರೆ ಕಾಯಿಲೆಯವರ ದಿನದ ಊಟ: ರೊಟ್ಟಿ, ಪಲ್ಯ, ಕಾಳುಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಆಹಾರ ಸಲಹೆಗಾರ್ತಿಯಾಗಿ ಕೆಲಸ ಮಾಡುವ ನನ್ನನ್ನು ಸಕ್ಕರೆ ಕಾಯಿಲೆಯವರೂ ಅವರ ಮನೆಯವರೂ ಎದುರು ಕುಳಿತು, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಊಟವನ್ನು ಬದಲಿಸುವ ಮೊದಲು ಕೊನೆಯ ಭಾಗವನ್ನು ತಪ್ಪದೇ ಓದಬೇಕು ಮತ್ತು ತಮ್ಮ ವೈದ್ಯರೊಡನೆ ಮಾತನಾಡಬೇಕು.

## ಮೊದಲು ತಿಳಿಯಬೇಕಾದದ್ದು

ಸಕ್ಕರಿ ತಿನ್ನೂದ ಬಿಟ್ಟೇನ್ರಿ, ಚಹಾನೂ ಸಪ್ಪಗ ಕುಡೀತೇನಿ. ಆದ್ರೂ ಶುಗರ್ ಯಾಕ ಇಳಿವಲ್ದು?

ರಕ್ತದಲ್ಲಿನ ಸಕ್ಕರೆಯನ್ನು ಏರಿಸುವುದು ಡಬ್ಬಿಯೊಳಗಿನ ಸಕ್ಕರೆಯೊಂದೇ ಅಲ್ಲ. ಜೋಳ, ಗೋಧಿ, ಅಕ್ಕಿ, ರವೆ, ಅವಲಕ್ಕಿ, ಚುರುಮುರಿ, ಸಾಬುದಾಣಿ, ಬಟಾಟೆ ಇವೆಲ್ಲದರಲ್ಲಿ ಇರುವ ಶರ್ಕರಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್, ಹೊಟ್ಟೆಯಲ್ಲಿ ಕರಗಿ ಗ್ಲುಕೋಸ್ ಆಗಿಯೇ ರಕ್ತವನ್ನು ಸೇರುತ್ತದೆ. ನಮ್ಮ ಕಡೆಯ ಒಂದು ಮಧ್ಯಾಹ್ನದ ಊಟವನ್ನೇ ಲೆಕ್ಕ ಹಾಕಿ ನೋಡಿ. 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 40 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಮೂರು ರೊಟ್ಟಿ ಉಂಡರೆ 120 ಗ್ರಾಂ ಆಯಿತು, ಅದರ ಮೇಲೆ ಒಂದು ಬಟ್ಟಲು ಅನ್ನ ಉಂಡರೆ ಇನ್ನೂ 40 ಗ್ರಾಂ ಸೇರಿತು. ಒಂದು ಚಹಾ ಚಮಚ ಸಕ್ಕರೆಯಲ್ಲಿ ಇರುವುದು 4ರಿಂದ 5 ಗ್ರಾಂ. ಚಹಾದ ಸಕ್ಕರೆ ಬಿಟ್ಟದ್ದು ಒಳ್ಳೆಯದೇ, ಆದರೆ ಹೆಚ್ಚಿನ ಭಾರ ಇರುವುದು ಊಟದ ತಾಟಿನಲ್ಲಿ.

ಜ್ವಾಳದ ರೊಟ್ಟಿ ತಿಂದ್ರ ಶುಗರ್ ಏರೂದಿಲ್ಲ ಅಂತಾರ. ಖರೇನ್ರಿ?

ಖರೆ ಅಲ್ಲ. ಈ ಒಂದು ನಂಬಿಕೆಯಿಂದ ಆಗಿರುವ ಹಾನಿಯನ್ನು ದಿನವೂ ನೋಡುತ್ತಿರುವುದರಿಂದ ಇದನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ, ಇಡೀ ಗೋಧಿಯ ಹಿಟ್ಟಿನಲ್ಲಿ 64 ಗ್ರಾಂ, ಸಜ್ಜೆಯಲ್ಲಿ 62 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 78 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಜೋಳದಲ್ಲಿ 10 ಗ್ರಾಂ ನಾರು ಇದ್ದರೆ ಬಿಳಿ ಅಕ್ಕಿಯಲ್ಲಿ ಇರುವುದು 3 ಗ್ರಾಂ ಮಾತ್ರ, ಆದ್ದರಿಂದ ಅನ್ನಕ್ಕಿಂತ ರೊಟ್ಟಿ ಮೇಲು ಎನ್ನುವುದು ಸರಿ. ಹಾಗೆಂದು ನಾಲ್ಕು ರೊಟ್ಟಿ ಉಂಡರೂ ನಡೆಯುತ್ತದೆ ಎನ್ನುವುದು ತಪ್ಪು. ರೊಟ್ಟಿಯ ಬದಲು ಚಪಾತಿ ಹಿಡಿಯುವುದರಿಂದಲೂ ಲಾಭವಿಲ್ಲ, ಏಕೆಂದರೆ ಎರಡರ ಅಂಕಿಯೂ ಹೆಚ್ಚುಕಡಿಮೆ ಒಂದೇ.

ನನ್ನ ತಾಯಿಗೆ ಸಕ್ಕರೆ ಕಾಯಿಲೆ ಬಂದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಅಡುಗೆಮನೆಗೆ ಒಂದು ಸಣ್ಣ ತೂಕದ ಯಂತ್ರ ತಂದದ್ದು. ಅವ್ವ ಎಂದಿನಂತೆ ಮಾಲದಂಡಿ ಜೋಳದ ಹಿಟ್ಟನ್ನು ಬೊಗಸೆಯಲ್ಲಿ ಅಳೆದು ಪರಾತಕ್ಕೆ ಹಾಕಿದಳು. ನಾನು ನಡುವೆ ತೂಗಿಸಿಕೊಂಡೆ. ಅಂದು ಆರು ರೊಟ್ಟಿಗೆ ಹತ್ತಿದ ಹಿಟ್ಟು 430 ಗ್ರಾಂ, ಅಂದರೆ ರೊಟ್ಟಿಗೆ 70 ಗ್ರಾಂ ಮೀರಿತ್ತು. "ತೆಳ್ಳಗ ಬಡದೇನಲ್ಲ" ಎಂದು ಅವ್ವ ಅಚ್ಚರಿಪಟ್ಟಳು. ಬಡಿದಾಗ ತೆಳ್ಳಗಾಗುತ್ತದೆ, ಆದರೆ ಅಗಲವೂ ಆಗುತ್ತದೆ. ಒಂದು ದಿನವಾದರೂ ನಿಮ್ಮ ಮನೆಯ ರೊಟ್ಟಿಗೆ ಎಷ್ಟು ಹಿಟ್ಟು ಹತ್ತುತ್ತದೆ ಎಂದು ತೂಗಿ ನೋಡಿ. ಆಮೇಲೆ ಕೈ ತಾನೇ ಅಂದಾಜು ಕಲಿಯುತ್ತದೆ.

ಹಂಗಾದ್ರ ರೊಟ್ಟಿ ಪೂರಾ ಬಿಡಬೇಕೇನ್ರಿ? ಬಿಟ್ಟ ಹ್ಯಾಂಗ ಬದುಕೂದು?

ಬಿಡಬೇಕಾಗಿಲ್ಲ. ತಾಟಿನಲ್ಲಿ ಅದರ ಸ್ಥಾನ ಬದಲಾಗಬೇಕು. ಇಂದು ನಾವು ರೊಟ್ಟಿ ಉಣ್ಣಲು ಪಲ್ಯ ಹಚ್ಚಿಕೊಳ್ಳುತ್ತೇವೆ. ಇನ್ನು ಮೇಲೆ ಪಲ್ಯ ಉಣ್ಣಲು ರೊಟ್ಟಿ ಹಿಡಿದುಕೊಳ್ಳಬೇಕು. ಕಾಯಿಪಲ್ಯ, ಸೊಪ್ಪು ಮತ್ತು ಹಸಿ ಪಚಡಿ ಅರ್ಧ ತಾಟು, ಕಾಳು, ಬೇಳೆ, ಮೊಟ್ಟೆ, ಮೀನು ಅಥವಾ ಮೊಸರು ಕಾಲು ತಾಟು, ಉಳಿದ ಕಾಲು ಭಾಗದಲ್ಲಿ ರೊಟ್ಟಿ ಅಥವಾ ಅನ್ನ ಎರಡರಲ್ಲಿ ಒಂದು.

"ಕಡಿಮೆ ಕಾರ್ಬ್" ಎಂಬ ಮಾತಿಗೆ ಸಾಮಾನ್ಯವಾಗಿ ದಿನಕ್ಕೆ 130 ಗ್ರಾಂಗಿಂತ ಕಡಿಮೆ ಶರ್ಕರಪಿಷ್ಟ ಎಂಬ ಅರ್ಥವಿದೆ. 50 ಗ್ರಾಂಗಿಂತ ಕೆಳಗಿನದು ಕೀಟೋ ಬಗೆಯ ಪಥ್ಯ, ಅದನ್ನು ವೈದ್ಯರ ಕಣ್ಣಳತೆಯಿಲ್ಲದೆ ಮಾಡಬಾರದು. ಎಲ್ಲರೂ 130ಕ್ಕೆ ಇಳಿಯಲೇಬೇಕೆಂದೂ ಇಲ್ಲ. 18,090 ವಯಸ್ಕರ ಆಹಾರವನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ವಿಶ್ಲೇಷಣೆಯು, ಹೊಸದಾಗಿ ಸಕ್ಕರೆ ಕಾಯಿಲೆ ಬಂದವರಿಗೆ ದಿನದ ಶಕ್ತಿಯಲ್ಲಿ ಶರ್ಕರಪಿಷ್ಟದ ಪಾಲು ಶೇ. 49ರಿಂದ 54ಕ್ಕೆ ಇಳಿದು ಪ್ರೋಟೀನಿನ ಪಾಲು ಶೇ. 20ರ ಸಮೀಪಕ್ಕೆ ಏರಿದರೆ ಕಾಯಿಲೆ ಹಿಮ್ಮೆಟ್ಟುವ ಸಾಧ್ಯತೆ ಹೆಚ್ಚುತ್ತದೆ ಎಂದು ಲೆಕ್ಕ ಹಾಕಿದೆ. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಆ ಪಾಲು ಇದಕ್ಕಿಂತ ಬಹಳ ಮೇಲಿರುತ್ತದೆ. ಮೂರು ರೊಟ್ಟಿಯಿಂದ ಎರಡಕ್ಕೆ, ಎರಡು ವಾರ ಕಳೆದ ಮೇಲೆ ಎರಡರಿಂದ ಒಂದೂವರೆಗೆ ಬಂದವರು ಅದನ್ನು ವರ್ಷಗಟ್ಟಲೆ ಉಳಿಸಿಕೊಳ್ಳುತ್ತಾರೆ. ಒಮ್ಮೆಲೇ ಬಿಟ್ಟವರು ತಿಂಗಳೊಳಗೆ ಮೊದಲಿನಂತೆ ಉಣ್ಣತೊಡಗುವುದನ್ನೇ ನಾನು ಹೆಚ್ಚು ನೋಡಿದ್ದೇನೆ.

ಮುಧೋಳದ ಗಾಣದಾಗಿನ ಬೆಲ್ಲ ತರ್ತೇವ್ರಿ, ಕೆಮಿಕಲ್ ಇಲ್ಲದ್ದು. ಅದ ನಡೀತೈತಲ್ಲ?

ರಾಸಾಯನಿಕ ಇಲ್ಲದಿರುವುದು ಬೇರೆ ಮಾತು, ಸಕ್ಕರೆ ಇಲ್ಲದಿರುವುದು ಬೇರೆ ಮಾತು. ಬೆಲ್ಲದ ಬಹುಭಾಗ ಸಕ್ಕರೆಯೇ, ಅದರಲ್ಲಿರುವ ಕಬ್ಬಿಣ ಮತ್ತಿತರ ಖನಿಜಗಳ ಪ್ರಮಾಣ ಅತ್ಯಲ್ಪ. ಜೇನುತುಪ್ಪಕ್ಕೂ ಕಲ್ಲುಸಕ್ಕರೆಗೂ ಇದೇ ಉತ್ತರ.

## ಅಡುಗೆಮನೆಯೊಳಗೆ

ರೊಟ್ಟಿ ಕಡಿಮಿ ಮಾಡಿದ್ರ ಹೊಟ್ಟಿ ಹ್ಯಾಂಗ ತುಂಬಬೇಕ್ರಿ?

ಈ ಪ್ರಶ್ನೆಗೆ ನಮ್ಮ ಭಾಗದ ಅಡುಗೆಯಲ್ಲಿ ಇರುವಷ್ಟು ಉತ್ತರ ಬೇರೆಲ್ಲಿಯೂ ಸಿಗಲಾರದು ಎಂದು ನಾನು ನಂಬಿದ್ದೇನೆ. ಬಾದಾಮಿ ಹಿಟ್ಟು, ಆವಕಾಡೊ, ಆಲಿವ್ ಎಣ್ಣೆ ಎಂದು ಮೊಬೈಲಿನಲ್ಲಿ ನೋಡಿ ದುಡ್ಡು ಕಳೆದುಕೊಳ್ಳುವ ಅಗತ್ಯವಿಲ್ಲ.

ಮೊದಲನೆಯದು ಹಸಿ ಪಚಡಿ. ಎಳೆಯ ಮೆಂತೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲು, ಸವತೆಕಾಯಿ, ಮೂಲಂಗಿ, ಒಂದಿಷ್ಟು ಗಜ್ಜರಿ, ಇವನ್ನು ಸಣ್ಣಗೆ ಹೆಚ್ಚಿ ಒಂದು ಚಮಚ ಶೇಂಗಾ ಪುಡಿ, ಉಪ್ಪು, ಇಂಡಿಯ ಲಿಂಬೆಯ ಹುಳಿ ಹಾಕಿ ಕಲಸಿದರೆ ಒಂದು ದೊಡ್ಡ ಬಟ್ಟಲಿನಲ್ಲಿ 10 ಗ್ರಾಂ ಶರ್ಕರಪಿಷ್ಟವೂ ಆಗುವುದಿಲ್ಲ. ಇದು ತಾಟಿನ ಮೂಲೆಯ ಅಲಂಕಾರವಾಗಬಾರದು. ಊಟ ಇದರಿಂದಲೇ ಆರಂಭವಾಗಬೇಕು. ಮೊದಲು ಸೊಪ್ಪು ತರಕಾರಿ, ಆಮೇಲೆ ಕಾಳು ಅಥವಾ ಮೊಟ್ಟೆ, ಕೊನೆಗೆ ರೊಟ್ಟಿ, ಈ ಕ್ರಮದಲ್ಲಿ ಉಂಡಾಗ ಅದೇ ಊಟವೇ ರಕ್ತದ ಸಕ್ಕರೆಯನ್ನು ಕಡಿಮೆ ಏರಿಸುತ್ತದೆ ಎಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದ್ದರಿಂದ ರೊಟ್ಟಿ ಬಡಿಯಲು ಕುಳಿತುಕೊಳ್ಳುವ ಮೊದಲೇ ಪಚಡಿಯನ್ನು ಹೆಚ್ಚಿ ಇಟ್ಟುಬಿಡಿ. ಬಿಸಿ ರೊಟ್ಟಿ ತಾಟಿಗೆ ಬಿದ್ದ ಮೇಲೆ ಯಾರೂ ಪಚಡಿಗಾಗಿ ಕಾಯುವುದಿಲ್ಲ.

ಎರಡನೆಯದು ಮೊಳಕೆಯೊಡೆದ ಕಾಳಿನ ಉಸುಳಿ. ಮಡಿಕೆ, ಹೆಸರು, ಅಲಸಂದಿ, ಕಡಲೆ ಯಾವುದಾದರೂ ಆದೀತು. 30 ಗ್ರಾಂ ಒಣ ಮಡಿಕೆ ಕಾಳು ನೆನೆದು ಮೊಳಕೆ ಬಂದಾಗ ಒಬ್ಬರಿಗೆ ಒಂದು ಬಟ್ಟಲು ಉಸುಳಿಯಾಗುತ್ತದೆ. ಅದರಲ್ಲಿ ಸುಮಾರು 15 ಗ್ರಾಂ ಶರ್ಕರಪಿಷ್ಟ, 6 ಗ್ರಾಂ ಪ್ರೋಟೀನು, 4 ಗ್ರಾಂ ಮೀರಿ ನಾರು ಇರುತ್ತದೆ. ಮೂರನೆಯದು ಪಲ್ಯಗಳು: ಎಣ್ಣೆಗಾಯಿ ಬದನೆ, ಹೀರೆಕಾಯಿ, ಚವಳಿಕಾಯಿ, ಬೆಂಡೆಕಾಯಿ, ಹಾಗಲಕಾಯಿ, ಪುಂಡಿ, ರಾಜಗಿರಿ, ಹಕ್ಕರಿಕೆ, ಕಿರಕಸಾಲಿ. ಇವನ್ನು ಎರಡು ಸೌಟು ಹಾಕಿಕೊಳ್ಳುವ ರೂಢಿ ಬಿಟ್ಟು ಬಟ್ಟಲು ತುಂಬ ಹಾಕಿಕೊಳ್ಳಬೇಕು. ಬಟಾಟೆಯ ಪಲ್ಯ ಮಾತ್ರ ಈ ಸಾಲಿಗೆ ಸೇರುವುದಿಲ್ಲ, ಅದನ್ನು ರೊಟ್ಟಿಯ ಲೆಕ್ಕಕ್ಕೆ ಹಿಡಿಯಬೇಕು. ಪುಂಡಿ ಪಲ್ಯದಲ್ಲಿ ಜೋಳದ ನುಚ್ಚನ್ನು ಹಿಡಿ ತುಂಬ ಹಾಕುವ ಮನೆಗಳಲ್ಲಿ ಅದರ ಅರ್ಧದಷ್ಟು ಕಡಲೆಬೇಳೆ ಹಾಕಿ ನೋಡಿ. ರುಚಿಯೂ ಕೆಡುವುದಿಲ್ಲ.

ಮಾಂಸಾಹಾರಿಗಳ ಹಾದಿ ಇನ್ನೂ ಸುಲಭ. ಮೊಟ್ಟೆ, ಕೋಳಿ, ಆಲಮಟ್ಟಿ ಹಿನ್ನೀರಿನ ಮೀನು ಇವುಗಳಲ್ಲಿ ಶರ್ಕರಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಮೀನನ್ನು ರವೆಯಲ್ಲಿ ಹೊರಳಿಸಿ ಕರಿಯದಿದ್ದರೆ ಸಾಕು.

ಮುಂಜಾನಿ ಉಪ್ಪಿಟ್ಟು, ಅವಲಕ್ಕಿ, ಸುಸಲಾ ಬಿಟ್ರ ಮತ್ತೇನ ಮಾಡಬೇಕ್ರಿ? ಮಕ್ಕಳೂ ಅದನ್ನ ಕೇಳ್ತಾವ.

ಈ ಮೂರರಲ್ಲಿಯೂ ಒಂದು ತಾಟಿಗೆ ಸುಮಾರು 40 ಗ್ರಾಂ ಶರ್ಕರಪಿಷ್ಟ ಇರುತ್ತದೆ, ಪ್ರೋಟೀನು ಹೆಚ್ಚಿರುವುದಿಲ್ಲ. ನೆನೆದ ಚುರುಮುರಿಯಂತೂ ಬಾಯಲ್ಲಿಯೇ ಕರಗುವಂಥದ್ದು, ಆದ್ದರಿಂದ ಸುಸಲಾ ತಿಂದ ಮೇಲೆ ಸಕ್ಕರೆ ಬೇಗ ಏರುತ್ತದೆ.

ಬದಲಿಗೆ ಹೆಸರುಬೇಳೆಯನ್ನು ರಾತ್ರಿ ನೆನೆಸಿ, ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ ಹಾಕಿ ರುಬ್ಬಿ ದೋಸೆ ಹೊಯ್ಯಬಹುದು. ಅವಸರವಿದ್ದರೆ ಕಡಲೆ ಹಿಟ್ಟಿಗೆ ಉಳ್ಳಾಗಡ್ಡಿ, ಕೊತ್ತಂಬರಿ, ಮೆಂತೆ ಸೊಪ್ಪು ಕಲಸಿ ಹಂಚಿಗೆ ಹಾಕಬಹುದು. ಎರಡು ಮೊಟ್ಟೆಯ ಬುರ್ಜಿಗೆ ಒಂದು ಹಿಡಿ ಸೊಪ್ಪು ಸೇರಿಸಿದರೆ ಮಧ್ಯಾಹ್ನದವರೆಗೆ ಹಸಿವೆ ಕಾಡುವುದಿಲ್ಲ. ನಿನ್ನೆಯ ಜುಣಕ ಉಳಿದಿದ್ದರೆ ಅರ್ಧ ರೊಟ್ಟಿಯೊಡನೆ ಅದೇ ಒಳ್ಳೆಯ ನಾಷ್ಟಾ. ಮಕ್ಕಳಿಗೆ ಉಪ್ಪಿಟ್ಟು ಮಾಡಿದ ದಿನ ನಿಮ್ಮ ತಾಟಿಗೆ ಅದರ ಮೂರು ಚಮಚ ಹಾಕಿಕೊಂಡು, ಉಳಿದ ಜಾಗವನ್ನು ಮೊಳಕೆ ಕಾಳಿನಿಂದ ತುಂಬಿಕೊಳ್ಳಿ. ಒಂದೇ ಮನೆಯಲ್ಲಿ ಎರಡು ಅಡುಗೆ ಮಾಡುವ ಹೊರೆಯನ್ನು ಮನೆಯ ಹೆಣ್ಣುಮಗಳ ಮೇಲೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ.

ಗಿರಣಿಗೆ ಹಾಕುವಾಗ ಜ್ವಾಳದಾಗ ಏನರ ಕಲಸಿ ಬೀಸಬಹುದೇನ್ರಿ?

ಕಲಸಬಹುದು, ಆದರೆ ಅದರಿಂದ ಆಗುವ ಲಾಭವನ್ನು ಇದ್ದಷ್ಟೇ ಅರಿಯಬೇಕು. ಎರಡು ಪಾಲು ಜೋಳಕ್ಕೆ ಒಂದು ಪಾಲು ಕಡಲೆಬೇಳೆ ಹಾಕಿ ಬೀಸಿದರೆ 100 ಗ್ರಾಂ ಹಿಟ್ಟಿನ ಶರ್ಕರಪಿಷ್ಟ 68ರಿಂದ 61 ಗ್ರಾಂಗೆ ಇಳಿಯುತ್ತದೆ. ಪ್ರೋಟೀನು 10ರಿಂದ 14 ಗ್ರಾಂಗೆ ಏರುತ್ತದೆ. ಒಳ್ಳೆಯ ಬದಲಾವಣೆಯೇ, ಆದರೆ "ಮಲ್ಟಿಗ್ರೇನ್" ಎಂದುಕೊಂಡು ಒಂದು ರೊಟ್ಟಿ ಹೆಚ್ಚಿಗೆ ಉಂಡರೆ ಗಳಿಸಿದ್ದೆಲ್ಲ ಹೋಯಿತು. ಗೋಧಿ, ಸಜ್ಜೆ, ರಾಗಿ, ಮೆಕ್ಕೆಜೋಳ ಬೆರೆಸುವುದರಿಂದ ಲೆಕ್ಕ ಬದಲಾಗುವುದಿಲ್ಲ, ಇವೆಲ್ಲವೂ ಧಾನ್ಯಗಳೇ.

ಹಿಟ್ಟು ಕಲಸಿ ರೊಟ್ಟಿ ಬಡಿಯುವುದು ಕಷ್ಟವಾಗುತ್ತದೆ ಎನ್ನುವವರಿಗೆ ತಾಲಿಪಟ್ಟಿ ಸುಲಭ. 30 ಗ್ರಾಂ ಜೋಳದ ಹಿಟ್ಟು, 20 ಗ್ರಾಂ ಕಡಲೆ ಹಿಟ್ಟು, ಒಂದು ಚಮಚ ಅಗಸೆ ಪುಡಿ, ಎರಡು ಹಿಡಿ ಹೆಚ್ಚಿದ ಮೆಂತೆ ಸೊಪ್ಪು, ಒಂದು ಉಳ್ಳಾಗಡ್ಡಿ ಸೇರಿಸಿ ಹಂಚಿನ ಮೇಲೆಯೇ ತಟ್ಟಿ, ನಡುವೆ ತೂತು ಮಾಡಿ ಕುಸುಬೆ ಎಣ್ಣೆ ಬಿಟ್ಟು ಮುಚ್ಚಿಡಿ. ಮುಚ್ಚಳದ ಅಂಚಿನಿಂದ ಮೆಂತೆಯ ಘಮ ಹೊರಟು ತಳ ಕೆಂಪಗಾದಾಗ ತಿರುವಿ ಹಾಕಬೇಕು. ಇಡೀ ತಾಲಿಪಟ್ಟಿಯ ಹಿಟ್ಟಿನಿಂದ ಬರುವ ಶರ್ಕರಪಿಷ್ಟ ಸುಮಾರು 30 ಗ್ರಾಂ. ಒಂದು ಬಟ್ಟಲು ಮೊಸರಿನೊಡನೆ ಒಂದೇ ಸಾಕಾಗುತ್ತದೆ.

ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ ಎಷ್ಟ ತಿಂದ್ರೂ ನಡೀತೈತೇನು?

ಸಕ್ಕರೆಯ ದೃಷ್ಟಿಯಿಂದ ಇವು ನಮ್ಮ ಅಡುಗೆಮನೆಯ ಬಂಗಾರ. 100 ಗ್ರಾಂಗೆ ಶೇಂಗಾದಲ್ಲಿ ಸುಮಾರು 17 ಗ್ರಾಂ, ಗುರೆಳ್ಳು ಮತ್ತು ಅಗಸೆಯಲ್ಲಿ ತಲಾ 11 ಗ್ರಾಂ ಶರ್ಕರಪಿಷ್ಟ ಮಾತ್ರ ಇರುತ್ತದೆ. ಅಗಸೆಯ ಕಾಲು ಭಾಗ ನಾರೇ ಆಗಿದೆ. ಆದರೆ ಇವುಗಳ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಎಣ್ಣೆಯಂಶ ಇರುವುದರಿಂದ ತೂಕ ಇಳಿಸಬೇಕಾದವರು ಊಟಕ್ಕೆ ಎರಡು ಚಮಚಕ್ಕೆ ನಿಲ್ಲಿಸಬೇಕು. ಹಿಂಡಿ ಕುಟ್ಟುವಾಗ ಬೆಲ್ಲ ಹಾಕುವ ರೂಢಿ ಇದ್ದರೆ ಅದನ್ನು ಬಿಡಿ. ರಕ್ತದೊತ್ತಡ ಇರುವವರು ಉಪ್ಪನ್ನೂ ಅರ್ಧಕ್ಕೆ ಇಳಿಸಬೇಕು.

ರಾತ್ರಿ ಒಂದ ತುತ್ತರ ಅನ್ನ ಇಲ್ಲಂದ್ರ ಊಟ ಆದಂಗ ಅನಸೂದಿಲ್ರಿ.

ಅನ್ನ ಬೇಕೆನಿಸಿದ ರಾತ್ರಿ ರೊಟ್ಟಿ ಬೇಡ, ಅಷ್ಟೇ ನಿಯಮ. ಸಣ್ಣ ವಾಟಿಯ ಅರ್ಧದಷ್ಟು ಅನ್ನಕ್ಕೆ ಗಟ್ಟಿ ಬೇಳೆಯನ್ನು ಅದರ ಎರಡರಷ್ಟು ಹಾಕಿಕೊಳ್ಳಿ. ಸಂತೆಯಲ್ಲಿ ಫ್ಲಾವರ್ ಎಂದು ಕರೆಯುವ ಹೂಕೋಸನ್ನು ತುರಿದು, ಸಾಸಿವೆ ಒಗ್ಗರಣೆಯಲ್ಲಿ ಐದು ನಿಮಿಷ ಬಾಡಿಸಿ, ಆ ಅರ್ಧ ವಾಟಿ ಅನ್ನಕ್ಕೆ ಬೆರೆಸಿ ಚಿತ್ರಾನ್ನ ಮಾಡಿಕೊಂಡರೆ ತಾಟು ತುಂಬಿದಂತಾಗುತ್ತದೆ. ಮಜ್ಜಿಗೆಯಿಂದ ಊಟ ಮುಗಿಸುವ ರೂಢಿಯನ್ನು ಮುಂದುವರಿಸಿ. ಅನ್ನ ಇಲ್ಲದ ಕೊರತೆಯನ್ನು ಬಹುಮಟ್ಟಿಗೆ ಅದೇ ನೀಗಿಸುತ್ತದೆ.

ಅಂಬಲಿ ದೇಹಕ್ಕ ತಂಪು, ಶುಗರಿಗೂ ಚೊಲೊ ಅಂತಾರ. ಕುಡೀಬಹುದಾ?

ಅಂಬಲಿ ಎಂದರೆ ನೀರಿನಲ್ಲಿ ಬೆಂದ ನುಣ್ಣನೆಯ ಹಿಟ್ಟು. ಧಾನ್ಯ ನುಣ್ಣಗಾದಷ್ಟೂ ಬೇಗ ಅರಗುತ್ತದೆ, ಬೇಗ ಸಕ್ಕರೆಯಾಗುತ್ತದೆ. ಬೇಸಿಗೆಯಲ್ಲಿ ಕುಡಿಯಲೇಬೇಕೆಂದರೆ ಎರಡು ಚಮಚ ಹಿಟ್ಟಿಗೆ ಹೆಚ್ಚು ಮಜ್ಜಿಗೆ ಹಾಕಿಕೊಳ್ಳಿ, ಅದನ್ನು ಊಟದ ಲೆಕ್ಕಕ್ಕೂ ಹಿಡಿಯಿರಿ. ಒರಟಾಗಿ ಒಡೆದ ಜೋಳದ ನುಚ್ಚು ಅಂಬಲಿಗಿಂತ ನಿಧಾನವಾಗಿ ಅರಗುತ್ತದೆ.

ದ್ರಾಕ್ಷಿ, ದಾಳಿಂಬ್ರಿ ನಮ್ಮ ಹೊಲದಾಗ ಬೆಳೀತಾವ್ರಿ. ಬೆಳದವರ ತಿನ್ನಬಾರದಂದ್ರ ಹ್ಯಾಂಗ?

ಈ ಪ್ರಶ್ನೆಯಲ್ಲಿರುವ ನೋವು ನನಗೆ ಅರ್ಥವಾಗುತ್ತದೆ, ಮತ್ತು ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ. ಹತ್ತು ಹಸಿ ದ್ರಾಕ್ಷಿಯಲ್ಲಿ ಸುಮಾರು 8 ಗ್ರಾಂ ಶರ್ಕರಪಿಷ್ಟ ಇರುತ್ತದೆ, ಊಟದ ಜೊತೆಗಲ್ಲದೆ ನಡುಹೊತ್ತಿನಲ್ಲಿ ಅಷ್ಟು ತಿಂದರೆ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ. ಒಣದ್ರಾಕ್ಷಿಯ ಮಾತು ಬೇರೆ. ನೀರು ಆರಿ ಸಕ್ಕರೆ ಉಳಿದಿರುವುದರಿಂದ ಒಂದು ಹಿಡಿ, ಅಂದರೆ 30 ಗ್ರಾಂ, ತಿಂದರೆ 20 ಗ್ರಾಂಗಿಂತ ಹೆಚ್ಚು ಸಕ್ಕರೆ ಹೊಟ್ಟೆ ಸೇರುತ್ತದೆ. ಒಣದ್ರಾಕ್ಷಿ ಮಾಡುವ ಶೆಡ್ಡಿನಲ್ಲಿ ಕೆಲಸ ಮಾಡುತ್ತ ಬಾಯಾಡಿಸುವವರು ಇದನ್ನು ಗಮನಿಸಬೇಕು. ದಾಳಿಂಬೆಯನ್ನು ಬಿಡಿಸಿ ಅರ್ಧ ಬಟ್ಟಲು ಕಾಳು ತಿನ್ನಿ, ರಸ ಮಾಡಬೇಡಿ. ಪೇರಲ ಮತ್ತು ನೇರಳೆ ಇವೆರಡಕ್ಕಿಂತ ಒಳ್ಳೆಯವು. ಒಂದು ಗ್ಲಾಸು ಕಬ್ಬಿನ ಹಾಲಿನಲ್ಲಿ 30 ಗ್ರಾಂ ಮೀರಿ ಸಕ್ಕರೆ ಇರುತ್ತದೆ, ಅದನ್ನು ಪೂರ್ತಿಯಾಗಿ ಬಿಡಬೇಕು.

## ಮನೆಯ ಹೊರಗೆ, ಹಬ್ಬದಲ್ಲಿ, ಹೊಲದಲ್ಲಿ

ಸಂಜಿಗೆ ಚಹಾದ ಜೋಡಿ ಗಿರ್ಮಿಟ್ಟು, ಮಿರ್ಚಿ ಭಜಿ ಬೇಕ ಅನಸ್ತೈತಿ. ಅದರ ಬದಲಿ ಏನೈತ್ರಿ?

ಗಿರ್ಮಿಟ್ಟಿನ ಜೀವ ಇರುವುದು ಚುರುಮುರಿಯಲ್ಲಲ್ಲ, ಅದರ ಮಸಾಲೆಯಲ್ಲಿ. ಅದೇ ಉಳ್ಳಾಗಡ್ಡಿ, ಟೊಮ್ಯಾಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ, ಲಿಂಬೆಹುಳಿಯನ್ನು ಹುರಿದ ಶೇಂಗಾಕ್ಕೆ ಅಥವಾ ಬೇಯಿಸಿದ ಕಡಲೆಕಾಳಿಗೆ ಕಲಸಿ. ಪುಟಾಣಿ ಒಂದು ಹಿಡಿ ನಡೆಯುತ್ತದೆ, ಬಟ್ಟಲು ತುಂಬ ನಡೆಯುವುದಿಲ್ಲ. ಮಿರ್ಚಿ ಭಜಿಯ ಒಳಗಿನ ಮೆಣಸಿನಕಾಯಿ ಮತ್ತು ಕಡಲೆ ಹಿಟ್ಟಿನಿಂದ ಆಗುವ ತೊಂದರೆಗಿಂತ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಿಂದ ಆಗುವ ತೊಂದರೆ ದೊಡ್ಡದು. ತಿಂಗಳಿಗೊಮ್ಮೆ ಮನೆಯಲ್ಲಿ ಮಾಡಿಕೊಂಡು ತಿನ್ನುವುದು ಉತ್ತಮ.

ಮದುವ್ಯಾಗ, ಖಾನಾವಳ್ಯಾಗ ಹ್ಯಾಂಗ ಮಾಡಬೇಕು? ಒಲ್ಲೆ ಅಂದ್ರ ಮಂದಿ ಬ್ಯಾಸರ ಮಾಡ್ಕೋತಾರ.

ಬೇಡ ಎನ್ನುವ ಬದಲು ಬೇರೆ ಏನನ್ನಾದರೂ ಕೇಳಿ. "ಇನ್ನೊಂದ ರೊಟ್ಟಿ ಹಚ್ಚಗೋರಿ" ಎಂದು ಬಂದವರಿಗೆ "ರೊಟ್ಟಿ ಇರ್ಲಿ ಅಕ್ಕಾ, ಆ ಬದ್ನಿಕಾಯಿ ಪಲ್ಯೆ ಭಾಳ ಚೊಲೊ ಆಗೇತಿ, ಇನ್ನೀಟ ಹಾಕ್ರಿ" ಎಂದರೆ ಬಡಿಸುವವರಿಗೂ ಸಂತೋಷವಾಗುತ್ತದೆ. ಖಾನಾವಳಿಯಲ್ಲಿ ಕುಳಿತ ಕೂಡಲೇ ಉಳ್ಳಾಗಡ್ಡಿ, ಸವತೆಕಾಯಿ, ಮೊಸರು, ಕಾಳು ಪಲ್ಯ ಮೊದಲು ಬರಲೆಂದು ಹೇಳಿ. ಕಟಕ ರೊಟ್ಟಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಅದು ಹಗುರವಾಗಿರುವುದರಿಂದ ಮುರಿದು ತಿನ್ನುತ್ತ ಎರಡು ಮೂರು ಮುಗಿದದ್ದು ತಿಳಿಯುವುದಿಲ್ಲ, ಆದರೆ ಆರಿಹೋಗಿರುವುದು ನೀರು ಮಾತ್ರ, ಹಿಟ್ಟು ಅಷ್ಟೇ ಇರುತ್ತದೆ.

ಎಳ್ಳ ಅಮಾಸಿಗೆ ಚರಗಾ ಚೆಲ್ಲಿ ಹೊಲದಾಗ ಕುಂತ ಉಣ್ಣೂದು. ಹೋಳಿಗಿ, ಕಡಬು ಮುಟ್ಟಬಾರದೇನ್ರಿ?

ಆ ದಿನದ ಬುತ್ತಿಯಲ್ಲಿ ಸಿಹಿಯಷ್ಟೇ ಇರುವುದಿಲ್ಲ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಬದನೆಕಾಯಿ, ಕಾಳು ಪಲ್ಯ, ಹಿಂಡಿಗಳು, ಕೆನೆಮೊಸರು ಎಲ್ಲವೂ ಇರುತ್ತವೆ. ಇವುಗಳಿಂದ ಹೊಟ್ಟೆಯ ಮುಕ್ಕಾಲು ಭಾಗ ತುಂಬಿದ ಮೇಲೆ ಅರ್ಧ ಶೇಂಗಾ ಹೋಳಿಗೆಯನ್ನು ನಿಧಾನವಾಗಿ ತಿನ್ನಿ, ಮತ್ತು ಆ ಊಟದಲ್ಲಿ ಒಂದು ರೊಟ್ಟಿಯನ್ನೂ ಅನ್ನವನ್ನೂ ಬಿಡಿ. ಆಮೇಲೆ ಹೊಲದ ಬದುವಿನ ಮೇಲೆ ಕಾಲು ಗಂಟೆ ಅಡ್ಡಾಡಿ. ಊಟದ ನಂತರದ ನಡಿಗೆ ಏರುವ ಸಕ್ಕರೆಯನ್ನು ತಗ್ಗಿಸುತ್ತದೆ. ನಿಜವಾದ ತೊಂದರೆ ಇರುವುದು ಹಬ್ಬದ ಮರುದಿನ ಡಬ್ಬಿಯಲ್ಲಿ ಉಳಿದ ಹೋಳಿಗೆಯಲ್ಲಿ. ಅದನ್ನು ಅಂದೇ ಹಂಚಿಬಿಡಿ. ಬೆಳಗಾವಿಯಿಂದ ಬರುವ ಕುಂದಾ, ಅಮೀನಗಡ ಮತ್ತು ಗೋಕಾಕದ ಕರದಂಟಿಗೂ ಇದೇ ಮಾತು ಅನ್ವಯಿಸುತ್ತದೆ. ಕರದಂಟಿನಲ್ಲಿ ಅಂಟು, ಉತ್ತತ್ತಿ, ಗೋಡಂಬಿ ಇದ್ದರೂ ಅವನ್ನು ಹಿಡಿದಿಟ್ಟಿರುವುದು ಬೆಲ್ಲವೇ.

ಏಕಾದಶಿ, ಶಿವರಾತ್ರಿ ಉಪಾಸ ಮಾಡ್ತೇನಿ. ಸಾಬುದಾಣಿ ಹಗುರಲ್ರಿ?

ಸಾಬುದಾಣಿ ಹೆಚ್ಚುಕಡಿಮೆ ಬರಿಯ ಪಿಷ್ಟ. 50 ಗ್ರಾಂ ಸಾಬುದಾಣಿಯಲ್ಲಿ 40 ಗ್ರಾಂಗಿಂತ ಹೆಚ್ಚು ಶರ್ಕರಪಿಷ್ಟ ಇದ್ದು, ಪ್ರೋಟೀನೂ ನಾರೂ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಬಟಾಟೆ ಸೇರಿದರೆ ಉಪವಾಸದ ದಿನವೇ ಸಕ್ಕರೆ ಹೆಚ್ಚು ಏರುತ್ತದೆ. ಶೇಂಗಾ, ಮೊಸರು, ಸವತೆಕಾಯಿ, ಹಸಿ ಕೊಬ್ಬರಿ, ಒಂದು ಪೇರಲ ಹಣ್ಣು ಇವುಗಳಿಂದ ಉಪವಾಸ ಕಳೆಯಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಬಗೆಯ ಮಾತ್ರೆ ತೆಗೆದುಕೊಳ್ಳುವವರು ನಿರಾಹಾರ ಉಪವಾಸವನ್ನು ವೈದ್ಯರನ್ನು ಕೇಳದೆ ಮಾಡಲೇಬಾರದು.

ಹೊಲದಾಗ ದುಡಿಯೂ ಮಂದಿ ನಾವು. ಒಂದ ರೊಟ್ಟಿ ತಿಂದ ಕಬ್ಬ ಕಡಿಯಾಕ ಆಗತೈತೇನ್ರಿ?

ಆಗುವುದಿಲ್ಲ, ಹಾಗೆ ಮಾಡಲೂಬಾರದು. ಇಡೀ ದಿನ ಮೈಮುರಿದು ದುಡಿಯುವವರ ಸ್ನಾಯುಗಳು ಗ್ಲುಕೋಸನ್ನು ಹೆಚ್ಚು ಬಳಸುತ್ತವೆ. ಕುಳಿತು ಕೆಲಸ ಮಾಡುವವರಿಗೆ ಹೇಳಿದ ಅಳತೆ ನಿಮಗೆ ಸಲ್ಲದು. ದುಡಿಮೆಯ ದಿನ ಎರಡು ರೊಟ್ಟಿ ಇರಲಿ, ಅದರೊಡನೆ ಜುಣಕ ಅಥವಾ ಕಾಳು, ಶೇಂಗಾ ಹಿಂಡಿ, ಮೊಸರು ಧಾರಾಳವಾಗಿ ಇರಲಿ. ಕೆಲಸವಿಲ್ಲದ ದಿನ ಮತ್ತು ರಾತ್ರಿಯ ಊಟದಲ್ಲಿ ರೊಟ್ಟಿ ಕಡಿಮೆ ಮಾಡಿ. ಈಗಾಗಲೇ ಬಡಕಲಾಗಿರುವವರು ತೂಕ ಇಳಿಯದಂತೆ ನೋಡಿಕೊಳ್ಳಬೇಕು. ಮಾತ್ರೆ ತೆಗೆದುಕೊಂಡು ಹೊಲಕ್ಕೆ ಹೋಗುವವರ ಜೇಬಿನಲ್ಲಿ ಸಕ್ಕರೆಯ ಒಂದು ಪೊಟ್ಟಣ ಇರಲೇಬೇಕು.

## ಔಷಧ ಮತ್ತು ಪರೀಕ್ಷೆ

ಊಟ ಕಡಿಮಿ ಮಾಡಿದ ಮ್ಯಾಲ ಕೈ ನಡುಗಿ ಬೆವರ ಬರ್ತೈತ್ರಿ. ಯಾಕ?

ಸಕ್ಕರೆ ಮಿತಿಮೀರಿ ಇಳಿದಿರುವುದರ ಲಕ್ಷಣ ಇದು. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳೂ ಇನ್ಸುಲಿನ್ನೂ ನೀವು ಎಷ್ಟು ಉಂಡಿರಿ ಎಂದು ನೋಡದೆ ಸಕ್ಕರೆಯನ್ನು ಇಳಿಸುತ್ತವೆ. ಮೂರು ರೊಟ್ಟಿಯ ಕಾಲದಲ್ಲಿ ಬರೆದುಕೊಟ್ಟ ಡೋಸ್ ಒಂದು ರೊಟ್ಟಿಗೆ ಹೆಚ್ಚಾಗುತ್ತದೆ. ಆದ್ದರಿಂದ ಊಟ ಇಳಿಸುವ ಮೊದಲೇ ವೈದ್ಯರಿಗೆ ತಿಳಿಸಿ ಡೋಸ್ ಸರಿಪಡಿಸಿಕೊಳ್ಳಬೇಕು.

ನಡುಕ, ಬೆವರು, ತಲೆಸುತ್ತು ಬಂದಾಗ ಮೀಟರಿನ ಅಂಕಿ 70ಕ್ಕಿಂತ ಕಡಿಮೆ ಇದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಯಿರಿ. 15 ನಿಮಿಷದ ನಂತರ ಮತ್ತೆ ನೋಡಿ, ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಕುಡಿಯಿರಿ. ಮೀಟರ್ ಇಲ್ಲದಿದ್ದರೆ ಕಾಯದೆ ಸಕ್ಕರೆ ನೀರು ಕುಡಿಯಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ಎಚ್ಚರಿಕೆ ಇದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರು ಶರ್ಕರಪಿಷ್ಟವನ್ನು ತೀರ ಇಳಿಸಿದರೆ, ಮೀಟರಿನಲ್ಲಿ ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಎಂಬ ಅಪಾಯ ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಟೈಪ್ 1 ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು ಮತ್ತು ಮಕ್ಕಳು ಈ ಪುಟವನ್ನು ನೋಡಿ ಊಟ ಬದಲಿಸಬಾರದು.

ಯಾವ ಊಟ ನಂಗ ಹೊಂದತೈತಿ ಅಂತ ಮನ್ಯಾಗ ಹ್ಯಾಂಗ ತಿಳಕೋಬೇಕು?

ಉಣ್ಣುವ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಮ್ಮೆ ಮೀಟರಿನಲ್ಲಿ ನೋಡಿ, ತಾಟಿನಲ್ಲಿ ಏನೇನಿತ್ತು ಎಂದು ಪಕ್ಕದಲ್ಲಿ ಬರೆದಿಡಿ. ನನ್ನ ತಾಯಿಯ ವಹಿಯಲ್ಲಿ ಎರಡೂವರೆ ರೊಟ್ಟಿ ಮತ್ತು ಅನ್ನದ ದಿನ ಎರಡು ಗಂಟೆಯ ಅಂಕಿ 238 ಇತ್ತು. ಪಚಡಿ, ಮಡಿಕೆ ಉಸುಳಿ, ಒಂದು ರೊಟ್ಟಿಯ ದಿನ 171. ಇದು ಒಬ್ಬರ ಲೆಕ್ಕ. ನಿಮ್ಮದು ಬೇರೆ ಇರಬಹುದು, ಅದಕ್ಕೇ ನೀವೇ ನೋಡಬೇಕು. ಹೆಚ್ಚಿನ ವಯಸ್ಕರಿಗೆ ಉಣ್ಣುವ ಮೊದಲು 80ರಿಂದ 130, ಉಂಡ ನಂತರ 180ರ ಒಳಗೆ ಎಂಬುದು ಸಾಮಾನ್ಯ ಗುರಿ. ವಯಸ್ಸಾದವರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ. ದಿನವೂ ಪಟ್ಟಿ ಖರ್ಚು ಮಾಡಲಾಗದವರು ವಾರಕ್ಕೆ ಒಂದು ಊಟವನ್ನು ಆರಿಸಿಕೊಂಡು ನೋಡಿದರೂ ಎರಡು ತಿಂಗಳಲ್ಲಿ ಬಹಳಷ್ಟು ತಿಳಿಯುತ್ತದೆ. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ ಕಬ್ಬಿಣಾಂಶದ ಕೊರತೆ ಇರುವವರಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕಾಣಿಸಬಹುದಾದ್ದರಿಂದ ಹಿಮೋಗ್ಲೋಬಿನ್ನನ್ನೂ ಜೊತೆಗೆ ನೋಡಿಸುವುದು ಒಳ್ಳೆಯದು.

ಕಿಡ್ನ್ಯಾಗ ಹರಳೈತಿ, ಕ್ರಿಯಾಟಿನಿನ್ನೂ ಹೆಚ್ಚೈತಿ. ನಾನೂ ಹಿಂಗ ಉಣ್ಣಬಹುದಾ?

ನಿಮ್ಮ ಪಟ್ಟಿ ಬೇರೆಯೇ ಆಗಬೇಕು. ಪುಂಡಿ, ರಾಜಗಿರಿ, ಪಾಲಕ್ ಸೊಪ್ಪುಗಳಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಹರಳು ಇರುವವರು ಅವನ್ನು ಮಿತಗೊಳಿಸಿ ಮೆಂತೆ, ಹೀರೆ, ಸವತೆಯ ಕಡೆ ಹೊರಳಬೇಕು. ಕ್ರಿಯಾಟಿನಿನ್ ಏರಿದವರು ಪ್ರೋಟೀನು ಮತ್ತು ಪೊಟ್ಯಾಸಿಯಂ ಎಷ್ಟು ಎಂಬುದನ್ನು ಮೂತ್ರಪಿಂಡದ ವೈದ್ಯರಿಂದಲೇ ತಿಳಿಯಬೇಕು.

ಮೆಂತೆ ಕಾಳು ನೆನಸಿದ ನೀರು, ಹಾಗಲಕಾಯಿ ರಸ ಕುಡದ ಗುಳಿಗಿ ಬಿಡಬಹುದೇನ್ರಿ?

ಬಿಡಬಾರದು. ಮೆಂತೆ ಕಾಳಿನಲ್ಲಿರುವ ಲೋಳೆಯಂಥ ನಾರು ಸಕ್ಕರೆ ಏರುವ ವೇಗವನ್ನು ತುಸು ತಗ್ಗಿಸುತ್ತದೆ, ಅಷ್ಟರ ಮಟ್ಟಿಗೆ ಅದು ಊಟದ ಒಳ್ಳೆಯ ಭಾಗ. ಗುಳಿಗೆಯ ಕೆಲಸವನ್ನು ಅದು ಮಾಡಲಾರದು. ಯಾರದೋ ಮಾತು ಕೇಳಿ ಗುಳಿಗೆ ನಿಲ್ಲಿಸಿ, ಆರು ತಿಂಗಳ ಮೇಲೆ ಕಾಲಿನ ಗಾಯ ಮಾಯದೆ ಬಂದವರನ್ನು ನಾನು ಕಂಡಿದ್ದೇನೆ.

ಹಿಂಗ ಉಂಡ್ರ ಶುಗರ್ ಪೂರಾ ಹೋಗತೈತೇನ್ರಿ?

ಕೆಲವರಲ್ಲಿ ಮಾತ್ರೆಯಿಲ್ಲದೆಯೇ ಸಕ್ಕರೆ ಹತೋಟಿಗೆ ಬರುವುದುಂಟು. ಅದನ್ನು ಗುಣವಾಯಿತು ಎನ್ನುವುದಿಲ್ಲ, ಹಿಮ್ಮೆಟ್ಟಿತು ಎನ್ನುತ್ತಾರೆ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷದೊಳಗಿನ, ತೂಕ ಹೆಚ್ಚಿದ್ದವರಿಗೆ ಕೆಲವು ತಿಂಗಳು ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟಾಗ ಒಂದು ವರ್ಷದ ಕೊನೆಗೆ ಶೇ. 46 ಜನರಲ್ಲಿ ಹೀಗಾಯಿತು. ತೂಕ ಹೆಚ್ಚು ಇಳಿಸಿದವರಲ್ಲಿಯೇ ಹೆಚ್ಚು ಫಲ ಕಂಡಿತು. ಹಳೆಯ ಕಾಯಿಲೆಯವರಲ್ಲಿ ಮತ್ತು ಮೊದಲೇ ಬಡಕಲಾಗಿರುವವರಲ್ಲಿ ಅಂಥ ಫಲ ಸಿಗುವುದು ಕಷ್ಟ. ಆದರೆ ಅವರಲ್ಲಿಯೂ ಊಟದ ನಂತರದ ಅಂಕಿ ಇಳಿಯುತ್ತದೆ, ಕೆಲವರಿಗೆ ವೈದ್ಯರು ಗುಳಿಗೆಯನ್ನೂ ಕಡಿಮೆ ಮಾಡುತ್ತಾರೆ. ಹಿಮ್ಮೆಟ್ಟಿದವರೂ ಮೂರು ರೊಟ್ಟಿ ಮತ್ತು ಅನ್ನದ ತಾಟಿಗೆ ಮರಳಿದರೆ ಸಕ್ಕರೆಯೂ ಮರಳುವುದರಿಂದ, ಗುಳಿಗೆ ನಿಂತ ಮೇಲೆಯೂ ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆ ಕಣ್ಣು, ಪಾದ ಮತ್ತು ಮೂತ್ರಪಿಂಡದ ತಪಾಸಣೆ ಮಾಡಿಸುತ್ತಲೇ ಇರಬೇಕು.